ಒಂಬತ್ತು ಕಾಯಿ

ನನ್ನ ಸೋದರತ್ತೆ ಚಿಕ್ಕಗೌರಮ್ಮನ ಕಿವಿ ಕೆಡಿಸಿದವನು ನಾನು. ಇದನ್ನು ಮೊದಲೇ ಹೇಳಿಬಿಡುವುದು ವಾಸಿ, ಯಾಕೆಂದರೆ ಊರಿನಲ್ಲಿ ಬೇರೆ ಬೇರೆ ಕತೆಗಳು ಓಡಾಡುತ್ತಿವೆ. ಬೆಂಗಳೂರಿನವರು ಬಂದು ತಲೆಗೆ ವೈರು ಸಿಕ್ಕಿಸಿದ್ದರಿಂದ ಹೀಗಾಯಿತು ಅನ್ನುತ್ತಾರೆ ಕೆಲವರು. ವಯಸ್ಸಾಯಿತು, ಕಿವಿ ಮಂದವಾಯಿತು ಅನ್ನುತ್ತಾರೆ ಇನ್ನು ಕೆಲವರು. ತುರುವೇಕೆರೆಗೆ ಕರೆದುಕೊಂಡು ಹೋಗಿ ಡಾಕ್ಟರಿಗೂ ತೋರಿಸಿದೆ. ಅರವತ್ತಮೂರರ ಹೆಂಗಸಿಗೆ ಇಷ್ಟು ಚುರುಕಾದ ಕಿವಿ ಇರುವುದು ಅಪರೂಪ ಎಂದು ಅವರು ನಗುತ್ತಾ ಬೆನ್ನು ತಟ್ಟಿ ಕಳಿಸಿದರು. ಕೆಟ್ಟಿದ್ದು ಡಾಕ್ಟರು ನೋಡುವ ಕಿವಿಯಲ್ಲ.

ನಮ್ಮ ಕಡೆ ತೆಂಗಿನಕಾಯಿಯನ್ನು ಕೆಡವಿದ ಕೂಡಲೇ ಮಾರುವವರು ಕಡಿಮೆ. ಸಿಪ್ಪೆ ಸಮೇತ ಅಟ್ಟಕ್ಕೆ ಏರಿಸಿ ಹತ್ತು ಹನ್ನೊಂದು ತಿಂಗಳು ಹಾಗೇ ಬಿಡುತ್ತೇವೆ. ಒಳಗಿನ ನೀರು ತಾನಾಗಿ ಇಂಗಿ, ತಿರುಳು ಚಿಪ್ಪಿನಿಂದ ಬಿಟ್ಟುಕೊಂಡು ಉಂಡೆ ಕೊಬ್ಬರಿಯಾಗುತ್ತದೆ. ಹೊರಗಿನಿಂದ ನೋಡಿದರೆ ಏನೂ ಗೊತ್ತಾಗುವುದಿಲ್ಲ. ಎತ್ತಿ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಬೇಕು. ನೀರಿದ್ದರೆ ಗುಳುಗುಳು ಅನ್ನುತ್ತದೆ. ಆಮೇಲೆ ಎಷ್ಟೋ ದಿನ ಸದ್ದೇ ಇರುವುದಿಲ್ಲ. ಉಂಡೆ ಪೂರ್ತಿ ಬಿಟ್ಟುಕೊಂಡ ಮೇಲೆ ಗಡಗಡ ಅನ್ನುತ್ತದೆ. ಇಷ್ಟು ಯಾರಿಗೆ ಬೇಕಾದರೂ ತಿಳಿಯುತ್ತದೆ. ಕಷ್ಟ ಇರುವುದು ನಡುವಿನ ಕಾಯಿಗಳಲ್ಲಿ. ಉಂಡೆ ಬಿಟ್ಟಿದೆ, ಆದರೆ ಒಂದು ಚಮಚ ನೀರು ಉಳಿದಿದೆ. ಒಂದು ಮಗ್ಗುಲು ಒಣಗಿದೆ, ಇನ್ನೊಂದು ಮಗ್ಗುಲು ಚಿಪ್ಪಿಗೆ ಅಂಟಿದೆ. ಇಲ್ಲವೇ ಒಳಗೇ ಕೆಟ್ಟು ಕೌಟು ಹಿಡಿದಿದೆ. ಆತುರಪಟ್ಟು ಒಡೆದರೆ ಹಸಿ ತುಂಡುಗಳು ಕೈಗೆ ಬರುತ್ತವೆ, ಎರಡು ದಿನಕ್ಕೆ ಬೂಷ್ಟು. ಒಮ್ಮೆ ಒಡೆದ ಕಾಯಿಯನ್ನು ಮತ್ತೆ ಅಟ್ಟಕ್ಕೆ ಹಾಕುವಂತಿಲ್ಲ.

ಅದಕ್ಕೇ ದಬ್ಬೇಘಟ್ಟದ ಸುತ್ತಿನ ಏಳೆಂಟು ಹಳ್ಳಿಗಳಲ್ಲಿ ಅಟ್ಟ ಇಳಿಸುವ ಮೊದಲು ನನ್ನ ಅತ್ತೆಯನ್ನು ಕರೆಸುತ್ತಿದ್ದರು. ಸೆರಗು ಬಿಗಿದು ಏಣಿ ಹತ್ತುವಳು. ನಾಲ್ಕು ಮೂಲೆಯಿಂದ ನಾಲ್ಕು, ನಡುವಿನಿಂದ ಐದಾರು ಕಾಯಿ ಎತ್ತಿಕೊಳ್ಳುವಳು. ಒಂದೊಂದನ್ನೂ ಒಂದೇ ಸಲ ಅಲ್ಲಾಡಿಸುವಳು. ಕೆಳಗೆ ಮನೆಯವರೆಲ್ಲ ಕತ್ತೆತ್ತಿ ನಿಂತಿರುತ್ತಿದ್ದರು. "ಇಳಿಸ್ರಪ್ಪ" ಅಂದರೆ ಇಳಿಸಿದರು, "ಇನ್ನೊಂದು ತಿಂಗ್ಳು ಬುಡಿ" ಅಂದರೆ ಬಿಟ್ಟರು. ಆಮೇಲೆ ಊಟ, ಎಲೆ ಅಡಿಕೆ, ಊರಿನ ಎಲ್ಲರ ಮನೆಯ ಸುದ್ದಿ.

ಅವಳು ಗಂಡ ಸತ್ತು ಇಪ್ಪತ್ತಾರನೇ ವಯಸ್ಸಿಗೆ ನಮ್ಮ ಮನೆಗೆ ಬಂದವಳು. ತವರಿನಲ್ಲಿ ಕೂತು ಉಣ್ಣುವ ಹೆಂಗಸನ್ನು ಹಳ್ಳಿ ಯಾವ ಕಣ್ಣಿನಲ್ಲಿ ನೋಡುತ್ತದೆ ಎಂದು ಬಿಡಿಸಿ ಹೇಳಬೇಕಿಲ್ಲ. ಮದುವೆ ಮನೆಯಲ್ಲಿ ಹಿಂದಿನ ಸಾಲು, ಅರಿಶಿನ ಕುಂಕುಮಕ್ಕೆ ಬಾಗಿಲಾಚೆ. ಆದರೆ ಯಾವ ಮನೆಯಲ್ಲಿ ಅವಳನ್ನು ಹಿಂದೆ ನಿಲ್ಲಿಸುತ್ತಿದ್ದರೋ ಅದೇ ಮನೆಯವರು ಅಟ್ಟ ಇಳಿಸುವ ದಿನ ಗಾಡಿ ಕಳಿಸುತ್ತಿದ್ದರು. ಅವಳಿಗಿದ್ದ ಮರ್ಯಾದೆಯೆಲ್ಲ ಆ ಕಿವಿಯದು. ಅದು ಅವಳಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಗೊತ್ತಿದ್ದೂ ಮಾಡಿದೆ.

ನಾನು ರಂಗನಾಥ. ತುರುವೇಕೆರೆಯ ಒಂದು ಖಾಸಗಿ ಕಾಲೇಜಿನಲ್ಲಿ ಮನಃಶಾಸ್ತ್ರದ ಅತಿಥಿ ಉಪನ್ಯಾಸಕ. ಹನ್ನೆರಡು ವರ್ಷದಿಂದ ಅತಿಥಿ. ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ನನ್ನ ಹೆಂಡತಿ ಮಂಗಳಾ ಹೇಳುತ್ತಿರುತ್ತಾಳೆ. ಇರಲಿ, ನನ್ನ ಜಾಗದಲ್ಲಿ ಇದ್ದವರಿಗೆ ಗೊತ್ತಾಗುತ್ತದೆ ಅದು ಯಾಕೆ ಅಲ್ಲಿ ಬಂದು ಕೂತಿದೆ ಎಂದು.

ಹೋದ ವರ್ಷ ನಮ್ಮ ಕಾಲೇಜಿಗೆ ಬೆಂಗಳೂರಿನಿಂದ ಪ್ರೊಫೆಸರ್ ನಿರ್ಮಲಾ ಎಂಬುವರು ಬಂದು 'ಅರಿವಿನ ವಿಜ್ಞಾನಕ್ಕೆ ಒಂದು ಪ್ರವೇಶ' ಎಂಬ ಉಪನ್ಯಾಸ ಕೊಟ್ಟರು. ಮಕ್ಕಳು ಯಾರೂ ಕೇಳಲಿಲ್ಲ. ನಾನು ಮುಂದಿನ ಬೆಂಚಿನಲ್ಲಿ ಕೂತು ಅಕ್ಷರ ಬಿಡದೆ ಬರೆದುಕೊಂಡೆ. ಮನಸ್ಸನ್ನು ಒಂದೇ ಶಾಸ್ತ್ರದವರು ಹಿಡಿಯಲಾಗುವುದಿಲ್ಲ ಎಂದು ಗೊತ್ತಾಗಿ, ಕಳೆದ ಶತಮಾನದ ನಡುವಿನಲ್ಲಿ ಹಲವು ಕಡೆಯವರು ಒಟ್ಟಿಗೆ ಕೂತು ಕಟ್ಟಿದ ವಿಜ್ಞಾನ ಇದು ಎಂದರು. ಮನಃಶಾಸ್ತ್ರದವರು ಮನುಷ್ಯ ಏನು ಮಾಡುತ್ತಾನೆ, ಎಷ್ಟು ಸರಿ ಮಾಡುತ್ತಾನೆ ಎಂದು ಅಳೆಯುತ್ತಾರೆ. ನರವಿಜ್ಞಾನದವರು ಆ ಹೊತ್ತಿಗೆ ಮಿದುಳಿನಲ್ಲಿ ಏನು ನಡೆಯುತ್ತಿದೆ ಎಂದು ನೋಡುತ್ತಾರೆ. ಭಾಷಾಶಾಸ್ತ್ರದವರು ಅದನ್ನು ಅವನು ಯಾವ ಮಾತಿನಲ್ಲಿ ಹೇಳುತ್ತಾನೆ, ಯಾವುದನ್ನು ಹೇಳಲಾರ ಎಂದು ಹುಡುಕುತ್ತಾರೆ. ಕಂಪ್ಯೂಟರಿನವರು ಅದೇ ಕೆಲಸವನ್ನು ಯಂತ್ರದ ಕೈಲಿ ಮಾಡಿಸಿ ನೋಡುತ್ತಾರೆ. ಮಾನವಶಾಸ್ತ್ರದವರು ಯಾರಿಂದ ಕಲಿತ, ಯಾರ ನಡುವೆ ಕಲಿತ ಎಂದು ಕೇಳುತ್ತಾರೆ. ತತ್ವಶಾಸ್ತ್ರದವರು ಕೊನೆಗೆ ಬಂದು, ಇದೆಲ್ಲ ಸರಿ, 'ತಿಳಿಯುವುದು' ಅಂದರೆ ಏನು ಎಂದು ಕೇಳಿ ಎಲ್ಲರ ಊಟ ಕೆಡಿಸುತ್ತಾರೆ. ಹೀಗೆ ಹೇಳಿ ಅವರೇ ನಕ್ಕರು. ಸಭೆಯಲ್ಲಿ ನಾನೊಬ್ಬ ನಕ್ಕೆ.

ಉಪನ್ಯಾಸ ಮುಗಿದ ಮೇಲೆ ಕಾಫಿ ಕೊಡುತ್ತಾ ಅತ್ತೆಯ ವಿಷಯ ಹೇಳಿದೆ. ಮೇಡಂ ಲೋಟ ಕೆಳಗಿಟ್ಟರು. "ಕೇಳಿ ಹೇಳ್ತಾರಾ? ಎಷ್ಟು ಕಾಯಿ? ಎಷ್ಟು ವರ್ಷದಿಂದ?" ಎಂದು ಒಂದೇ ಸಮ ಕೇಳಿದರು. ಅವತ್ತು ನಮ್ಮ ಪ್ರಿನ್ಸಿಪಾಲರ ಮುಂದೆ ಒಬ್ಬ ಪ್ರೊಫೆಸರು ನನ್ನ ಮಾತನ್ನು ಬರೆದುಕೊಂಡರು. ಇದರಿಂದ ಒಂದು ಸಂಶೋಧನಾ ಲೇಖನವಾಗುತ್ತದೆ, ಅದರಲ್ಲಿ ನನ್ನ ಹೆಸರಿರುತ್ತದೆ, ಆಮೇಲೆ ನೋಡೋಣ ಯಾರು ಅತಿಥಿ ಎಂದು ನಾನು ಮನೆಗೆ ಬರುವ ದಾರಿಯುದ್ದಕ್ಕೂ ಲೆಕ್ಕ ಹಾಕಿದೆ.

ಮೂರು ವಾರ ಅವರ ತಂಡ ನಮ್ಮ ಜಗುಲಿಗೆ ಬಂದು ಹೋಗಿ ಮಾಡಿತು. ಅತ್ತೆಗೆ ಹಬ್ಬ. ತಲೆಗೆ ವೈರಿನ ಟೋಪಿ ಹಾಕಿದಾಗ "ಹೆಂಗೆ ಕಾಣ್ತೀನಿ ಮಂಗಳಾ, ಮದ್ಲಗಿತ್ತಿ ಹಂಗೆ ಇದೀನಾ?" ಎಂದು ನಕ್ಕಳು. ಭಾಷೆಯವರು ಅವಳು ಕಾಯಿಯ ಸದ್ದಿಗೆ ಇಟ್ಟ ಹೆಸರುಗಳನ್ನೆಲ್ಲ ಬರೆದುಕೊಂಡರು: ಬಾಯಿ ಮುಚ್ಕೊಂಡೈತೆ, ಗೊಣಗ್ತೈತೆ, ಮಗ್ಗುಲು ಬದ್ಲಾಯಿಸ್ತೈತೆ, ಹೀಗೆ ಹದಿನಾಲ್ಕು. ಮಾನವಶಾಸ್ತ್ರದ ಹುಡುಗಿ ಅವಳ ಜೊತೆ ಮುದ್ದೆ ಉಂಡು, ಎಲೆ ಅಡಿಕೆ ಹಾಕಿಕೊಂಡು, ಇಡೀ ಮಧ್ಯಾಹ್ನ ಅವಳ ಮಾತು ಕೇಳಿದಳು. ತತ್ವಶಾಸ್ತ್ರದವರು ಮಾತ್ರ ಒಂದೇ ಪ್ರಶ್ನೆ ಕೇಳಿದರು. "ನಿಮಗೆ ಗೊತ್ತಾಗಿದೆ ಅಂತ ನಿಮಗೆ ಹೇಗೆ ಗೊತ್ತಾಗುತ್ತೆ ಅಮ್ಮ?"

"ಹಸಿವಾದಾಗ ನಿಮ್ಗೆ ಎಂಗೆ ಗೊತ್ತಾಯ್ತದೋ ಹಂಗೇ ಕಣ್ರಪ್ಪ" ಅಂದಳು ಅತ್ತೆ. ಎಲ್ಲರೂ ನಕ್ಕರು, ಅವರೂ ನಕ್ಕರು.

ಕಂಪ್ಯೂಟರಿನ ಕೆಲಸ ನವಾಜ್‌ನದು. ತುರುವೇಕೆರೆಯ ಟೈಲರ್ ಖಾಸಿಂ ಸಾಬರ ಮಗ, ಮೇಡಂ ಹತ್ತಿರ ಓದುತ್ತಿದ್ದವನು. ಅತ್ತೆ ಅಲ್ಲಾಡಿಸುವ ಪ್ರತಿ ಕಾಯಿಯ ಸದ್ದನ್ನು ಮೈಕಿನಲ್ಲಿ ಹಿಡಿದು, ಅವಳು ಏನು ಹೇಳಿದಳೋ ಅದನ್ನು ಪಕ್ಕದಲ್ಲಿ ಬರೆದು, ಫೋನಿಗೆ ಕಲಿಸುತ್ತಿದ್ದ.

ಪರೀಕ್ಷೆ ನಡೆದಿದ್ದು ಹೀಗೆ. ನಡುವಿನ ಕಾಯಿಗಳನ್ನೇ, ಕಷ್ಟದವನ್ನೇ, ನೂರ ಅರವತ್ತು ಆರಿಸಿದ್ದರು. ಅದರಲ್ಲಿ ನಲವತ್ತನ್ನು ಅವಳಿಗೆ ಹೇಳದೆ ಎರಡೆರಡು ಸಲ ಕೊಟ್ಟರು. ಬುಡದಲ್ಲಿ ಸಣ್ಣ ಗುರುತು. ಎಲ್ಲ ಮುಗಿದ ಮೇಲೆ ಒಂದೊಂದನ್ನೂ ಒಡೆದು ನೋಡಿದರು. ನೂರಕ್ಕೆ ತೊಂಬತ್ತೊಂದು ಸಲ ಅವಳು ಹೇಳಿದ್ದು ಸರಿ. ಇದೇ ಕಾಯಿಗಳನ್ನು ಹಿಡಿದ ಬೇರೆ ತೋಟದವರು ಯಾರೂ ಅರವತ್ತೈದು ದಾಟಲಿಲ್ಲ. ಮೇಡಂ ಹಾಳೆ ಹಿಡಿದುಕೊಂಡು ನಮ್ಮ ತೊಟ್ಟಿಯ ಹತ್ತಿರ ಹೋಗಿ ಒಬ್ಬರೇ ನಿಂತು ಬಂದರು. "ರಂಗನಾಥ್, ಇಂಥದ್ದನ್ನ ನಾನು ನೋಡಿಲ್ಲ" ಅಂದರು. ಎರಡೆರಡು ಸಲ ಕೊಟ್ಟ ನಲವತ್ತರಲ್ಲಿ ಒಂಬತ್ತು ಕಾಯಿಗೆ ಮಾತ್ರ ಅವಳು ಒಮ್ಮೆ ಕೊಬ್ಬರಿ ಆಗಿದೆ ಎಂದೂ ಇನ್ನೊಮ್ಮೆ ಆಗಿಲ್ಲ ಎಂದೂ ಹೇಳಿದ್ದಳು. ಆ ಹಾಳೆ ನನ್ನ ಕೈಗೂ ಬಂತು. "ಇದ್ಯಾವುದನ್ನೂ ಅವರಿಗೆ ಈಗಲೇ ಹೇಳಬೇಡಿ. ನಾನೇ ಬಂದು ಪಕ್ಕದಲ್ಲಿ ಕೂತು ಹೇಳ್ತೀನಿ" ಎಂದು ಮೇಡಂ ಎರಡು ಸಲ ಹೇಳಿ ಹೋದರು.

ಅದೇ ವಾರ ಒಂದು ಬೆಳಗ್ಗೆ ಅವರು ಫೋನ್ ಮಾಡಿದರು. ಲೇಖನದ ಹೆಸರುಗಳಲ್ಲಿ ನನ್ನದಿರುವುದಿಲ್ಲ, ಆದರೆ ಕೊನೆಯಲ್ಲಿ ಕೃತಜ್ಞತೆ ಹೇಳುವಾಗ ಖಂಡಿತ ಸೇರಿಸುತ್ತೇವೆ ಎಂದರು. ಮರ್ಯಾದೆಯಿಂದಲೇ ಹೇಳಿದರು. ನಾನು ಮರ್ಯಾದೆಯಿಂದಲೇ ಆಗಲಿ ಮೇಡಂ ಅಂದೆ.

ಸಾಯಂಕಾಲ ಗಂಗರಾಜು ಬಂದಿದ್ದ. ನಮ್ಮ ಊರಿನ ದೊಡ್ಡ ತೋಟ ಅವನದು, ಅಟ್ಟ ಇಳಿಸುವ ದಿನ ಗೊತ್ತು ಮಾಡಲು ಅತ್ತೆಯನ್ನು ಕೇಳಲು ಬಂದಿದ್ದ. ಮಂಗಳಾ ಕಾಫಿ ತಂದಳು. ಅತ್ತೆ ಕಂಬಕ್ಕೆ ಒರಗಿ ಕೂತು ಉತ್ಸಾಹದಲ್ಲಿದ್ದಳು.

"ಗಂಗರಾಜ, ಗೆಸ್ಟು ಅಂದ್ರೆ ನೆಂಟ ಅಲ್ವೇನ್ಲಾ? ನೆಂಟ ಅಂದ್ಮೇಲೆ ಮೂರು ದಿನ ಇದ್ದು ಹೋಗ್ಬೇಕು. ನಮ್ ರಂಗ ಹನ್ನೆರಡು ವರ್ಸದಿಂದ ಆ ಕಾಲೇಜಲ್ಲಿ ನೆಂಟನಾಗೇ ಕುಂತವ್ನೆ!"

ಗಂಗರಾಜು ಹೊಟ್ಟೆ ಹಿಡಿದುಕೊಂಡು ನಕ್ಕ. ಅತ್ತೆ ಬಿಡಲಿಲ್ಲ. "ಬೆಂಗ್ಳೂರೋರು ನನ್ನ ಹೆಸ್ರು, ನಮ್ಮಪ್ಪನ ಹೆಸ್ರು, ಎಲ್ಲಾ ಬರ್ಕೊಂಡು ಹೋದ್ರು. ಇವನ ಹೆಸ್ರು ಒಬ್ರೂ ಕೇಳ್ಲಿಲ್ಲ ಕಣೋ."

ಇದು ಅವಳು ನನ್ನನ್ನು ಎತ್ತಿ ಆಡಿಸಿದ ಕಾಲದಿಂದ ಮಾಡುತ್ತಿದ್ದ ತಮಾಷೆಯೇ. ಬೇರೆ ದಿನವಾಗಿದ್ದರೆ ನಾನೂ ಏನಾದರೂ ತಿರುಗಿಸಿ ಅಂದು ನಗುತ್ತಿದ್ದೆ. ಅವತ್ತು ಆಗಲಿಲ್ಲ.

"ಜಾಸ್ತಿ ಹಾರಾಡ್ಬೇಡ ಅತ್ತೆ" ಅಂದೆ. "ಅದೇ ಕಾಯಿನ ನಿಂಗೆ ಎರಡೆರಡು ಸಲ ಕೊಟ್ಟಿದ್ರು. ಒಂಬತ್ತು ಕಾಯಿಗೆ ಒಂದ್ಸಲ ಹಿಂಗೆ, ಇನ್ನೊಂದ್ಸಲ ಹಂಗೆ ಅಂದಿದೀಯ. ಬರ್ಕೊಂಡು ಹೋಗವ್ರೆ, ಅದನ್ನೂ."

ಅತ್ತೆಯ ಬಾಯಲ್ಲಿ ನಗು ಇನ್ನೂ ಇತ್ತು. "ಅದೇ ಕಾಯೇ?"

"ಅದೇ ಕಾಯಿ. ಬುಡದಲ್ಲಿ ಗುರುತು ಹಾಕಿದ್ರು."

"ನಂಗೆ ಹೇಳ್ದೆ ಕೊಟ್ರಾ?"

"ಹೇಳಿ ಕೊಟ್ರೆ ಪರೀಕ್ಷೆ ಹೆಂಗಾಯ್ತದೆ?"

ಗಂಗರಾಜು ಲೋಟ ಕೆಳಗಿಟ್ಟ. "ಒಂಬತ್ತಾ?" ಅಂದ. ಎದ್ದು ಟವೆಲ್ ಹೆಗಲಿಗೆ ಹಾಕಿಕೊಂಡು "ಬತ್ತೀನಿ ಕಣ್ರಪ್ಪ" ಎಂದು ಹೊರಟ. ಬಂದ ಕೆಲಸದ ಮಾತೇ ಎತ್ತಲಿಲ್ಲ.

ತೊಂಬತ್ತೊಂದರ ಮಾತನ್ನು ನಾನು ಆಡಲಿಲ್ಲ. ಅದು ನನ್ನ ನಾಲಿಗೆಯ ಮೇಲೇ ಇತ್ತು. ಬೇಕೆಂದೇ ನುಂಗಿಕೊಂಡೆ.

ಗಂಗರಾಜು ಹೋದ ಮೇಲೆ ಅತ್ತೆ ಕೇಳಿದಳು. "ಆ ಒಂಬತ್ತು ಕಾಯಿ ಎಲ್ಲಿ ಅವೆ?"

"ಒಡೆದಾಯ್ತು."

"ಒಂದೂ ಇಲ್ವಾ? ಇನ್ನೊಂದ್ಸಲ ಕೇಳಿದ್ರೆ ಗೊತ್ತಾಗಿರೋದು" ಎಂದು ಎದ್ದು ಒಳಗೆ ಹೋದಳು.

ಮಾರನೇ ದಿನ ಮಧ್ಯಾಹ್ನ ಕೊಬ್ಬರಿ ಶೆಡ್ಡಿನಲ್ಲಿ ಸದ್ದಾಯಿತು. ಹೋಗಿ ನೋಡಿದರೆ ಅತ್ತೆ ಮೂವತ್ತು ಕಾಯಿ ಇಳಿಸಿಕೊಂಡು ಕೂತಿದ್ದಳು. ಪಕ್ಕದಲ್ಲಿ ಒಂದು ಚೂರು ಇದ್ದಿಲು. ಒಂದೊಂದನ್ನೂ ಅಲ್ಲಾಡಿಸಿ, ಆಗಿದ್ದರೆ ಬುಡದಲ್ಲಿ ಗೆರೆ, ಆಗದಿದ್ದರೆ ಚುಕ್ಕೆ ಹಾಕಿದಳು. ಎಲ್ಲವನ್ನೂ ಕಲಸಿದಳು. ಎದ್ದು ಹಿತ್ತಲಿಗೆ ಹೋಗಿ ದನಕ್ಕೆ ನೀರು ಕುಡಿಸಿ ಬಂದಳು. ಮತ್ತೆ ಕೂತು, ಬುಡ ನೋಡದೆ ಇನ್ನೊಮ್ಮೆ ಅಲ್ಲಾಡಿಸಿ, ಬಾಯಲ್ಲಿ ಹೇಳಿ, ಆಮೇಲೆ ತಿರುಗಿಸಿ ನೋಡಿದಳು. ನಾಲ್ಕು ಕಾಯಿಯಲ್ಲಿ ಮಾತು ಬದಲಾಗಿತ್ತು. ಆ ನಾಲ್ಕನ್ನು ಬೇರೆ ಇಟ್ಟು, ಅವುಗಳನ್ನೇ ದಿಟ್ಟಿಸಿ ನೋಡುತ್ತಾ ಕೂತಳು. ಮೂರನೇ ಕ್ಲಾಸಿಗೆ ಶಾಲೆ ಬಿಟ್ಟವಳು ನಿರ್ಮಲಾ ಮೇಡಂ ಅವರ ವಿಧಾನವನ್ನು ತಾನೇ ಊಹಿಸಿ ಪೂರ್ತಿ ಕಲಿತುಬಿಟ್ಟಿದ್ದಳು. ಎಷ್ಟು ತಪ್ಪನ್ನು ತಪ್ಪು ಅನ್ನಬಾರದು ಎಂಬುದೊಂದು ಮಾತ್ರ ಅವಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ವಾರ ಕಳೆಯುವಷ್ಟರಲ್ಲಿ ನಾಲ್ಕು ಎಂಟಾಯಿತು, ಎಂಟು ಹನ್ನೊಂದಾಯಿತು. ಒಂದು ಸಲ ಅಲ್ಲಾಡಿಸುತ್ತಿದ್ದವಳು ಎರಡು ಸಲ, ಮೂರು ಸಲ ಅಲ್ಲಾಡಿಸತೊಡಗಿದಳು. ಎಡಗಿವಿಗೆ ಹಿಡಿದಳು, ಬಲಗಿವಿಗೆ ಹಿಡಿದಳು. ಕಣ್ಣು ಮುಚ್ಚಿ ನೋಡಿದಳು. ಊಟಕ್ಕೆ ಕರೆದರೆ ಬರಲಿಲ್ಲ. ಮಂಗಳಾ ನನ್ನ ಮುಖ ನೋಡಿ "ನಿಮಗೆ ಸಮಾಧಾನವಾಯ್ತಾ?" ಎಂದು ಕೇಳಿದಳು. ನನಗೆ ಅವಳ ಮೇಲೂ ಸಿಟ್ಟು ಬಂತು, ಯಾಕೆಂದರೆ ಅವಳು ಕೇಳಿದ್ದು ಸರಿಯಾಗಿತ್ತು.

ಗಂಗರಾಜು ಕೊನೆಗೂ ಕರೆಸಿದ. ಎಷ್ಟೇ ಆದರೂ ಅವನ ಅಪ್ಪನ ಕಾಲದಿಂದ ಅತ್ತೆಯನ್ನು ಕರೆಯದೆ ಅಟ್ಟ ಇಳಿಸಿದವರಲ್ಲ. ಆದರೆ ನವಾಜ್‌ನನ್ನೂ ಬರಹೇಳಿದ್ದ. ಅತ್ತೆ ಏಣಿ ಹತ್ತಿದಳು. ಕೆಳಗೆ ಎಂಟು ಹತ್ತು ಜನ. ಮೊದಲ ಕಾಯಿ ಎತ್ತಿದಳು, ಅಲ್ಲಾಡಿಸಿದಳು, ಕಿವಿ ಬದಲಾಯಿಸಿದಳು, ಮತ್ತೆ ಅಲ್ಲಾಡಿಸಿದಳು. ಕೆಳಗಿಟ್ಟು ಇನ್ನೊಂದು ಎತ್ತಿದಳು. ಅದನ್ನೂ ಕೆಳಗಿಟ್ಟು ಮೊದಲಿನದನ್ನೇ ಮತ್ತೆ ಎತ್ತಿದಳು. ಯಾರೋ ಕೆಮ್ಮಿದರು. ಅರ್ಧ ಗಂಟೆಯಾದ ಮೇಲೆ ಅಟ್ಟದ ಅಂಚಿಗೆ ಬಂದು ಕೂತಳು.

"ಗೊತ್ತಾಗ್ತಿಲ್ಲ ಕಣಪ್ಪ" ಅಂದಳು.

ಆ ಮಾತನ್ನು ಅವಳ ಬಾಯಲ್ಲಿ ಯಾರೂ ಕೇಳಿರಲಿಲ್ಲ. ಗಂಗರಾಜು ಕತ್ತು ತಿರುಗಿಸಿಕೊಂಡು, "ನವಾಜು, ನಿನ್ನ ಫೋನಾದ್ರೂ ಹಿಡಿಯಪ್ಪ" ಅಂದ.

ನವಾಜ್ ಫೋನನ್ನು ಜೇಬಿನಿಂದ ತೆಗೆಯಲೇ ಇಲ್ಲ. "ಇದರಲ್ಲಿರೋದು ಅಮ್ಮನ ಕಿವೀನೇ ಕಣ್ರೀ ಅಣ್ಣ. ಅಮ್ಮ ಹೇಳಿದ್ನೇ ಕಲ್ಸಿ ಕಲ್ಸಿ ಮಾಡಿರೋದು. ಹತ್ತಕ್ಕೆ ಅಮ್ಮ ಒಂಬತ್ತು ಸರಿ ಹೇಳಿದ್ರೆ ಇದು ಏಳು ಹೇಳ್ತದೆ ಅಷ್ಟೆ. ಅಸಲು ಇರೋವಾಗ ನಕಲು ಯಾಕೆ?"

ಅವನು ಒಳ್ಳೆಯ ಹುಡುಗ. ಅತ್ತೆ ಮೇಲಿಂದಲೇ ಅವನನ್ನು ಕೇಳಿದಳು. "ಅದಕ್ಕೆ ಒಂದೇ ಕಾಯಿ ಸದ್ದು ಎರಡು ಸಲ ಕೇಳಿಸಿದ್ರೆ ಏನಂತದಪ್ಪ?"

ನವಾಜ್‌ಗೆ ಸುಳ್ಳು ಹೇಳಲು ಬರಲಿಲ್ಲ. "ಅದೇ ಸದ್ದು ಕೊಟ್ರೆ ಎಷ್ಟು ಸಲ ಕೇಳಿದ್ರೂ ಒಂದೇ ಹೇಳ್ತದೆ ಅಮ್ಮ. ತಪ್ಪಾದ್ರೂ ಅದೇ ತಪ್ಪು."

"ಹಂಗಾದ್ರೆ ಅದೇ ವಾಸಿ ಬುಡು" ಎಂದು ಅತ್ತೆ ಇಳಿದಳು. ಎಲೆ ಹಾಕಿದ್ದರು, ಊಟಕ್ಕೆ ನಿಲ್ಲಲಿಲ್ಲ. ಬಿಸಿಲಿನಲ್ಲಿ ಬದುವಿನ ಮೇಲೆ ನಡೆದುಕೊಂಡು ಮನೆಗೆ ಬಂದಳು. ನಾನು ಹತ್ತು ಮಾರು ಹಿಂದೆ ಬಂದೆ. ಆಮೇಲೆ ಬೇರೆ ಯಾವ ಮನೆಯಿಂದಲೂ ಗಾಡಿ ಬರಲಿಲ್ಲ.

ಅವತ್ತು ಸಾಯಂಕಾಲ ಅವಳ ಮುಂದೆ ಕೂತು ಎಲ್ಲ ಹೇಳಿದೆ. ತೊಂಬತ್ತೊಂದನ್ನು ಹೇಳಿದೆ, ಮೇಡಂ ಬೆರಗಾದದ್ದನ್ನು ಹೇಳಿದೆ. ಒಂದೇ ಎಕ್ಸ್‌ರೇ ಅದೇ ಡಾಕ್ಟರಿಗೆ ತಿಂಗಳು ಬಿಟ್ಟು ಮತ್ತೆ ತೋರಿಸಿದರೆ ಅವರೂ ಕೆಲವು ಸಲ ಬೇರೆ ಮಾತು ಹೇಳುತ್ತಾರೆ, ಕಡು ಕಷ್ಟದ್ದನ್ನು ತೀರ್ಮಾನ ಮಾಡುವ ಯಾವ ಮನಸ್ಸೂ ಹೀಗೇ ಸ್ವಲ್ಪ ಅತ್ತಿತ್ತ ಆಗುತ್ತದೆ, ಅದು ತಪ್ಪಲ್ಲ, ಮನಸ್ಸಿರುವುದೇ ಹಾಗೆ ಎಂದು ಕ್ಲಾಸಿನಲ್ಲಿ ಹೇಳುವುದಕ್ಕಿಂತ ಚೆನ್ನಾಗಿ ಹೇಳಿದೆ. ಅತ್ತೆ ಪೂರ್ತಿ ಕೇಳಿದಳು.

"ಇದ್ನ ಅವತ್ತೇ ಯಾಕೆ ಹೇಳ್ಲಿಲ್ಲ ರಂಗ?"

ಲೇಖನದ ವಿಷಯ ಹೇಳಲು ಹೋದೆ, ಅವಳು ಕೈ ಅಡ್ಡ ಹಿಡಿದಳು.

"ಒಂಬತ್ತು ಅನ್ನೋದು ಬಂತು, ತೊಂಬತ್ತೊಂದು ಅನ್ನೋದು ನಿನ್ನ ಬಾಯಿಗೆ ಬರ್ಲಿಲ್ಲ. ಈಗ ನಾನು ಅಳ್ತೀನಿ ಅಂತ ಹೇಳ್ತಿದೀಯ. ಮಗೀನ ಸಮಾಧಾನ ಮಾಡ್ದಂಗೆ" ಅಂದಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ.

ಮೇಡಂಗೆ ಫೋನ್ ಮಾಡಿ ನಡೆದದ್ದನ್ನು ಒಪ್ಪಿಕೊಂಡೆ. "ಹೇಳಬೇಡಿ ಅಂದಿದ್ದೆ" ಅಂದರು. ಆಮೇಲೆ ಅವರ ಪಾಠದ ದನಿ ಬಂತು. ರೂಢಿಯಾದ ಕೆಲಸವನ್ನು ಕೈ ತಾನಾಗಿ ಮಾಡುತ್ತದೆ, ಹೇಗೆ ಮಾಡುತ್ತಿದ್ದೇನೆ ಎಂದು ಮನಸ್ಸು ನಡುವೆ ತಲೆ ಹಾಕಿದರೆ ಕೆಡುತ್ತದೆ. ಮೆಟ್ಟಿಲು ಇಳಿಯುವಾಗ ಕಾಲನ್ನೇ ಯೋಚಿಸಿದರೆ ಮುಗ್ಗರಿಸುತ್ತೇವೆ. "ಅವರ ಗಮನ ಬೇರೆ ಕಡೆ ಇರಲಿ. ಏನಾದರೂ ಮಾತಾಡಿಸ್ತಾ ಕೆಲಸ ಮಾಡಿಸಿ. ಕಾಯಿ ಬಗ್ಗೆ ಕೇಳಬೇಡಿ. ಹೊಗಳಲೂ ಬೇಡಿ, ರಂಗನಾಥ್. ತಿಳೀತಾ?"

ತಿಳಿಯಿತು ಅಂದೆ.

ಭಾನುವಾರ ಬೆಳಗ್ಗೆ ನಮ್ಮ ಶೆಡ್ಡಿನಲ್ಲಿ ಅವಳ ಎದುರು ಹೋಗಿ ಕೂತೆ. ನಮ್ಮ ಅಟ್ಟದ್ದೇ ನೂರು ಕಾಯಿ ಇಳಿಸಿ ಅವಳ ಪಕ್ಕ ಸುರಿದೆ. "ಆಗಿರೋದು ಬಲಕ್ಕೆ ಹಾಕು, ಆಗದ್ದು ಎಡಕ್ಕೆ ಹಾಕು. ನಾನು ಸುಮ್ನೆ ಕೂತಿರ್ತೀನಿ" ಅಂದೆ. ಮೂರು ನಾಲ್ಕು ಕಾಯಿಗೆ ಅವಳು ಒದ್ದಾಡಿದಳು. ಆಗ ನಾನು ಮಾಯಸಂದ್ರದ ಅವಳ ಗಂಡನ ಮನೆಯ ಮಾತು ತೆಗೆದೆ.

"ನಿನ್ನ ಅತ್ತೆ ಎಂಥೋಳು ಅತ್ತೆ? ಬಹಳ ಜೋರಂತೆ?"

ಅದಕ್ಕೆ ಅವಳ ಮುಖದಲ್ಲಿ ತಿಂಗಳಿನಿಂದ ಕಾಣದಿದ್ದ ಕಳೆ ಬಂತು. "ಜೋರಾ? ಅಯ್ಯೋ, ಉಪ್ಪಿನಕಾಯಿ ಜಾಡಿಗೆ ಬೀಗ ಹಾಕೋಳು ಕಣ್ಲಾ! ಬೀಗದ ಕೈ ಸೊಂಟಕ್ಕೆ. ನಾನು ಬಸ್ರಿ, ಬಾಯಿ ಕೆಟ್ಟೈತೆ, ಒಂದು ಹೋಳು ಕೊಡೇ ಅಂದ್ರೆ ಹಬ್ಬಕ್ಕೆ ಬೇಕು ಅನ್ನೋಳು. ನಿನ್ನ ಮಾವ ಪಾಪ, ಸಂತೆಯಿಂದ ಅಂಗಿ ಜೇಬಲ್ಲಿ ಮುಚ್ಕೊಂಡು ತಂದು ಕೊಟ್ಟಿದ್ದ. ಜೇಬೆಲ್ಲಾ ಎಣ್ಣೆ."

ಹೇಳುತ್ತಾ ಕೈ ಕಾಯಿಗೆ ಹೋಯಿತು. ಎತ್ತಿತು, ಕಿವಿಯ ಹತ್ತಿರ ಒಂದೇ ಸಲ ಕುಲುಕಿತು, ಬಲಕ್ಕೆ ಹಾಕಿತು. ಇನ್ನೊಂದು, ಎಡಕ್ಕೆ. ಮತ್ತೊಂದು, ಬಲಕ್ಕೆ. ಕಣ್ಣು ನನ್ನ ಮೇಲೆ, ಮಾತು ಮಾಯಸಂದ್ರದಲ್ಲಿ, ಮಗು ನಿಲ್ಲದೆ ಹೋದದ್ದು, ಆಮೇಲೆ ಗಂಡನೂ ಹೋದದ್ದು. ಕೈ ಮಾತ್ರ ತನ್ನ ಪಾಡಿಗೆ ಹಳೆಯ ವೇಗದಲ್ಲಿ ಕೆಲಸ ಮಾಡುತ್ತಿತ್ತು. ಹತ್ತಾಯಿತು, ಇಪ್ಪತ್ತಾಯಿತು, ನಲವತ್ತಾಯಿತು. ಎರಡು ಕಡೆ ಎರಡು ರಾಶಿ ಬೆಳೆಯಿತು. ಹಿಂತಿರುಗಿ ಬಂದಳು, ನನ್ನ ಅತ್ತೆ ಬಂದಳು ಎಂದು ಒಳಗೇ ಕುಣಿಯುವಂತಾಯಿತು.

ತಡೆದುಕೊಳ್ಳಲಾಗಲಿಲ್ಲ. ಮೇಡಂ ಹೇಳಿದ್ದೆಲ್ಲ ತಲೆಯಲ್ಲಿತ್ತು, ಆದರೂ ಬಾಯಿಂದ ಬಂದೇಬಿಟ್ಟಿತು. "ಅತ್ತೆ, ನೋಡು! ಎಷ್ಟು ಚೆನ್ನಾಗಿ ಮಾಡ್ತಿದೀಯ!"

ಕೈ ಕಿವಿಯ ಹತ್ತಿರವೇ ನಿಂತಿತು. ಅವಳು ಎರಡೂ ರಾಶಿಗಳನ್ನು ಬೇರೆ ಯಾರೋ ಹಾಕಿ ಹೋಗಿರುವಂತೆ ನೋಡಿದಳು. ಕೈಯಲ್ಲಿದ್ದ ಕಾಯಿಯನ್ನು ಮತ್ತೆ ಅಲ್ಲಾಡಿಸಿದಳು. ಇನ್ನೊಂದು ಕಿವಿಗೆ ಹಿಡಿದು ಅಲ್ಲಾಡಿಸಿದಳು. ಆಮೇಲೆ ನನ್ನ ಕಡೆ ಚಾಚಿದಳು.

"ನೀನು ನೋಡು."

"ನಂಗೇನು ಗೊತ್ತಾಯ್ತದೆ ಅತ್ತೆ."

"ನೋಡು ಅಂದ್ನಲ್ಲ."

ಇಸಿದುಕೊಂಡು ಅಲ್ಲಾಡಿಸಿದೆ. ಏನೋ ಒಂದು ಒಳಗೆ ಕದಲಿತು. ಅದು ಉಂಡೆಯೋ ನೀರೋ ಎಂದು ದೇವರಾಣೆಗೂ ನನಗೆ ತಿಳಿಯಲಿಲ್ಲ. ಅವಳು ನನ್ನ ಬಾಯನ್ನೇ ನೋಡುತ್ತಿದ್ದಳು. ಆಗಿದೆ ಅಂದರೆ ಅವಳಿಗೆ ಹುರುಪು ಬಂದೀತು ಎಂದುಕೊಂಡು "ಆಗಿದೆ ಅನ್ಸುತ್ತೆ" ಅಂದೆ.

"ನಂಗೆ ನೀರು ಅನ್ನಿಸ್ತಪ್ಪ" ಎಂದು ಅತ್ತೆ ಕಾಯಿ ವಾಪಸು ತೆಗೆದುಕೊಂಡು ಎದ್ದಳು. ನೆಲಕ್ಕೆ ನೆಟ್ಟ ಕಬ್ಬಿಣದ ಮೊನೆಗೆ ಅದನ್ನು ಗುದ್ದಿ ಸಿಪ್ಪೆ ಸುಲಿಯತೊಡಗಿದಳು.

"ಹಂಗಾದ್ರೆ ನೀರೇ ಅತ್ತೆ! ನಾನು ಸುಮ್ನೆ ಬಾಯಿಗೆ ಬಂದಿದ್ದು ಹೇಳ್ದೆ. ಒಡೀಬೇಡ."

"ನೀನು ಓದಿದೋನು" ಅಂದಳು. ಸಿಪ್ಪೆ ಬಿಡಿಸಿ, ಕೂತು, ಮಚ್ಚಿನ ಬೆನ್ನಿನಿಂದ ಒಂದು ಏಟು ಹಾಕಿದಳು. ಚಿಪ್ಪು ಸೀಳಿ ನೀರು ಅವಳ ಮಂಡಿಯ ಮೇಲೆ ಸುರಿಯಿತು. ಒಳಗೆ ತಿರುಳು ಬೆಳ್ಳಗೆ, ಹಸಿಯಾಗಿ, ಒಂದು ಮಗ್ಗುಲು ಚಿಪ್ಪಿಗೆ ಅಂಟಿಕೊಂಡಿತ್ತು.

"ನೋಡ್ದಾ? ನೀನೇ ಸರಿ!" ಎಂದು ನಾನು ಕೂಗಿದೆ. "ನೀರು ಅಂದೆ, ನೀರೇ ಇತ್ತು! ನಿನ್ನ ಕಿವಿಗೆ ಏನೂ ಆಗಿಲ್ಲ ಅತ್ತೆ!"

ಅವಳು ಸೀರೆಯ ತುದಿಯಿಂದ ಮಂಡಿ ಒರೆಸಿಕೊಂಡಳು. ಒಡೆದ ಹೋಳುಗಳನ್ನು ಒಂದರ ಮೇಲೊಂದು ಜೋಡಿಸಿ ಪಕ್ಕಕ್ಕಿಟ್ಟಳು.

"ಈ ಸಲ ಸರಿ" ಅಂದಳು. ರಾಶಿಯಿಂದ ಇನ್ನೊಂದು ಕಾಯಿ ಎತ್ತಿ, ತಾನು ಕಿವಿಗೆ ಹಿಡಿಯದೆ, ನೇರ ನನ್ನ ಕೈಗೆ ಕೊಟ್ಟಳು. "ಇದ್ನ ನೋಡಪ್ಪ."